ಅಮ್ಮ ಹೊಲಿದ ಕೋಟು, ಅಣ್ಣ ಬಿಟ್ಟ ಸ್ಕೀ

ನಾರ್ವೆಯಲ್ಲಿ ಚಳಿಗಾಲ ಹತ್ರ ಬಂತು ಅಂದ್ರೆ ಚಿಕ್ಕ ಮಕ್ಕಳಿರೋ ಮನೆಗಳಲ್ಲಿ ಒಂದು ಖರ್ಚಿನ ಚಿಂತೆ ಶುರುವಾಗುತ್ತೆ. ಕಳೆದ ವರ್ಷ ತಂದ ಸ್ಕೀ ಜಾಕೆಟ್ ಮಗುವಿನ ಮೊಣಕೈಗೆ ಬಂದಿರುತ್ತೆ, ಪ್ಯಾಂಟು ಕಣಕಾಲು ಬಿಟ್ಟು ಮೇಲೆ ಹೋಗಿರುತ್ತೆ. ಒಳಗೆ ಹಾಕೋ ಉಣ್ಣೆ ಬನಿಯನ್ನು, ಅದರ ಮೇಲೆ ಸ್ವೆಟರು, ಅದರ ಮೇಲೆ ಗಾಳಿ ನೀರು ತಡೆಯೋ ಜಾಕೆಟ್ಟು, ಗ್ಲೌಸು, ಟೋಪಿ, ದಪ್ಪ ಸಾಕ್ಸು, ಎಲ್ಲಾ ಹೊಸದಾಗಿ ಬೇಕು. ಎಲ್ಲಾ ದುಬಾರಿ. ಎಲ್ಲಾ ಮುಂದಿನ ವರ್ಷಕ್ಕೆ ಸಣ್ಣದಾಗುತ್ತೆ. ಅದಕ್ಕೇ ಅಲ್ಲಿ ಶಾಲೆಗಳಲ್ಲಿ, ಕ್ಲಬ್ಬುಗಳಲ್ಲಿ ಹಳೇ ಬಟ್ಟೆ, ಹಳೇ ಸ್ಕೀ ಮಾರೋ ಸಂತೆಗಳು ನಡೀತವೆ. ಅಣ್ಣನದು ತಮ್ಮನಿಗೆ, ಪಕ್ಕದ ಮನೆಯವರದ್ದು ಇವರಿಗೆ ಬರುತ್ತೆ. ಇದರಲ್ಲಿ ಯಾರಿಗೂ ನಾಚಿಕೆ ಅಂತ ಇಲ್ಲ.

ನಾಚಿಕೆ ಯಾಕಿಲ್ಲ ಅಂತ ಹುಡುಕ್ತಾ ಹೋದಾಗ ನಮಗೆ ಸಿಕ್ಕಿದ್ದು ಫ್ರಿಟ್ಯೋಫ್ ನಾನ್ಸೆನ್. ನಾರ್ವೆಯಲ್ಲಿ ಈ ಹೆಸರು ಗೊತ್ತಿಲ್ಲದ ಮಗು ಇರಲಿಕ್ಕಿಲ್ಲ. ನಮ್ಮಲ್ಲಿ ಕ್ವಿಜ್ ಆಡುವವರಿಗೆ 1922ರ ನೊಬೆಲ್ ಶಾಂತಿ ಪ್ರಶಸ್ತಿ ಅಂತ ಗೊತ್ತಿರಬಹುದು, ಇನ್ನು ಕೆಲವರಿಗೆ ಉತ್ತರ ಧ್ರುವದ ಹತ್ರ ಹೋಗಿಬಂದವನು ಅಂತ ಗೊತ್ತಿರಬಹುದು. ನಾವು ಇವನ ಕಥೆಯನ್ನ ಬಟ್ಟೆಯ ಕಡೆಯಿಂದ ಹೇಳ್ತೀವಿ. ಯಾಕಂದ್ರೆ ಇವನ ಬದುಕಿನಲ್ಲಿ ಮುಖ್ಯವಾದ ಜಾಗಗಳಲ್ಲೆಲ್ಲಾ ಬಟ್ಟೆಯೇ ಬಂದು ನಿಲ್ಲುತ್ತೆ.

ನಾನ್ಸೆನ್ ಹುಟ್ಟಿದ್ದು 1861ರ ಅಕ್ಟೋಬರ್ 10ಕ್ಕೆ, ಸ್ಟೋರೆ ಫ್ರೋಯೆನ್ ಅನ್ನೋ ತೋಟದ ಮನೆಯಲ್ಲಿ. ಆಗ ಓಸ್ಲೋ ನಗರಕ್ಕೆ ಕ್ರಿಸ್ಟಿಯಾನಿಯಾ ಅಂತ ಹೆಸರು, ಮನೆ ಊರಿನ ಹೊರಗೆ ಇತ್ತು. ಅಪ್ಪ ಬಾಲ್ಡರ್ ವಕೀಲ. ಬಡತನ ಇರಲಿಲ್ಲ. ಆದ್ರೆ ಅಪ್ಪ ಶಿಸ್ತು, ಲೆಕ್ಕ, ಮಿತವ್ಯಯ ಅಂದ್ರೆ ಪ್ರಾಣ ಬಿಡೋ ಮನುಷ್ಯ. ಅಮ್ಮ ಅಡೆಲೈಡ್ ದೊಡ್ಡ ಮನೆತನದ ಹೆಣ್ಣುಮಗಳು, ಬ್ಯಾರನ್ ಮನೆಯವಳು. ಇಬ್ಬರಿಗೂ ಇದು ಎರಡನೇ ಮದುವೆ, ಹಾಗಾಗಿ ಮನೆ ತುಂಬಾ ಮಕ್ಕಳು.

ಈ ಅಮ್ಮ ನಮಗೆ ತುಂಬಾ ಇಷ್ಟವಾದ್ಲು. ಹೆಂಗಸರು ಸ್ಕೀ ಮಾಡೋದು ಮರ್ಯಾದೆಯಲ್ಲ ಅಂತ ಊರೆಲ್ಲಾ ಅಂದುಕೊಂಡಿದ್ದ ಕಾಲದಲ್ಲಿ ಈಕೆ ಸ್ಕೀ ಮಾಡ್ತಿದ್ಲು. ಮನೆಯ ಯಾವ ಕೆಲಸಕ್ಕೂ ಕೈ ಹಿಂದೆ ಎಳೀತಿರಲಿಲ್ಲ. ಗಂಡುಮಕ್ಕಳ ಬಟ್ಟೆಯನ್ನ ಟೈಲರ್ ಹತ್ರ ಕೊಡದೆ ತಾನೇ ಹೊಲೀತಿದ್ಲು. ಒಮ್ಮೆ ಮೀನು ಹಿಡಿಯೋ ಗಾಳ ಪುಟ್ಟ ಫ್ರಿಟ್ಯೋಫನ ತುಟಿಗೆ ಚುಚ್ಚಿಕೊಂಡಾಗ ಅಪ್ಪನ ಕ್ಷೌರದ ಕತ್ತಿ ತಂದು ತಾನೇ ಕೊಯ್ದು ತೆಗೆದಳಂತೆ. ಬ್ಯಾರನ್ ಮನೆ ಮಗಳಿಗೆ ಹೊಸ ಬಟ್ಟೆ ಕೊಳ್ಳೋದಕ್ಕೆ ದುಡ್ಡಿರಲಿಲ್ಲ ಅಂತಲ್ಲ. ಹಿಮದಲ್ಲಿ ಬಿದ್ದು ಎದ್ದು ಉರುಳಾಡೋ ಮಕ್ಕಳಿಗೆ ಅಂಗಡಿಯ ನಯವಾದ ಬಟ್ಟೆ ಯಾಕೆ ಅನ್ನೋದು ಆಕೆಯ ಲೆಕ್ಕ ಇದ್ದಿರಬೇಕು ಅಂತ ನಮ್ಮ ಊಹೆ. ಯೂನಿಫಾರ್ಮ್ ಪ್ಯಾಂಟಿನ ಕೆಳಗೆ ಎರಡು ಇಂಚು ಬಟ್ಟೆ ಒಳಗೆ ಮಡಚಿ ಹೊಲಿಸಿ, ವರ್ಷ ವರ್ಷ ಸ್ವಲ್ಪ ಸ್ವಲ್ಪ ಬಿಚ್ಚುತ್ತಿದ್ದ ನಮ್ಮ ಅಮ್ಮಂದಿರಿಗೆ ಈ ಲೆಕ್ಕ ಚೆನ್ನಾಗಿ ಅರ್ಥವಾಗುತ್ತೆ. ಈಗ ಮಕ್ಕಳ ಸ್ಕೀ ಜಾಕೆಟ್ ಮಾಡೋ ಕಂಪನಿಗಳೂ ತೋಳಿನಲ್ಲಿ ಇಂಥದೇ ಮಡಿಕೆ ಇಟ್ಟು, ಒಂದು ದಾರ ಕತ್ತರಿಸಿದ್ರೆ ತೋಳು ಉದ್ದ ಆಗೋ ಹಾಗೆ ಮಾಡಿ, ಅದನ್ನ ದೊಡ್ಡ ಫೀಚರ್ ಅಂತ ಮಾರ್ತವೆ!

ಸ್ಕೀ ಕಥೆಯೂ ಹಾಗೇ. ಫ್ರಿಟ್ಯೋಫನ ಮೊದಲ ಸ್ಕೀ ಜೋಡಿ ಅಕ್ಕ ಅಣ್ಣಂದಿರು ಹಾಕಿ ಬಿಟ್ಟಿದ್ದನ್ನ ಕತ್ತರಿಸಿ ಚಿಕ್ಕದು ಮಾಡಿದ್ದು. ಎರಡೂ ಒಂದೇ ಉದ್ದ ಕೂಡ ಇರಲಿಲ್ಲ. ಒಂದು ಉದ್ದ ಒಂದು ಗಿಡ್ಡ ಸ್ಕೀ ಕಟ್ಟಿಕೊಂಡು ಹುಡುಗ ಏಳ್ತಾ ಬೀಳ್ತಾ ಹೋಗೋದನ್ನ ನೋಡಿ ಫ್ಯಾಬ್ರಿಟಿಯಸ್ ಅನ್ನೋ ಪ್ರಿಂಟಿಂಗ್ ಪ್ರೆಸ್ ನಡೆಸೋ ಪರಿಚಯದವರೊಬ್ಬರಿಗೆ ಪಾಪ ಅನಿಸಿತು. ನಿನಗೊಂದು ಹೊಸ ಜೋಡಿ ಕೊಡಿಸ್ತೀನಿ ಅಂದುಬಿಟ್ರು. ಬೇಸಿಗೆ ಕಳೀತು, ಶರತ್ಕಾಲ ಬಂತು, ಸ್ಕೀ ಬರಲಿಲ್ಲ. ಹುಡುಗ ಬಿಡಲಿಲ್ಲ. ಅವರು ಕಂಡಾಗಲೆಲ್ಲಾ ಎದುರು ನಿಂತು ಸ್ಕೀ ಏನಾಯ್ತು ಅಂತ ಕೇಳ್ತಿದ್ದ. ಕೊನೆಗೂ ಒಂದು ದಿನ ಉದ್ದನೆಯ ಪೊಟ್ಟಣ ಮನೆಗೆ ಬಂತು, ಒಳಗೆ ಕೆಂಪು ಬಣ್ಣದ ಹೊಚ್ಚ ಹೊಸ ಸ್ಕೀ. ಆಮೇಲೆ ಜಗತ್ತಿನ ದೊಡ್ಡ ದೊಡ್ಡ ಪದಕಗಳು ಬಂದರೂ ಈ ಕೆಂಪು ಸ್ಕೀಯನ್ನ ಅವನು ಮರೆಯಲಿಲ್ಲ, ದೊಡ್ಡವನಾದ ಮೇಲೆ ತಾನೇ ಇದನ್ನ ಹೇಳಿಕೊಂಡಿದ್ದಾನೆ.

ಅದೇ ಸ್ಕೀ ಕಟ್ಟಿಕೊಂಡು, ಅಪ್ಪ ಅಮ್ಮ ಬೇಡ ಅಂದಿದ್ದ ಹುಸೆಬಿ ಗುಡ್ಡದ ಜಂಪಿಗೆ ಹೋದ. ವಯಸ್ಸು ಹತ್ತರ ಆಸುಪಾಸು. ಗಾಳಿಯಲ್ಲಿ ಹಾರಿದ, ಸ್ಕೀ ಮುಂದೆ ಹೋಗಿ ಹಿಮಕ್ಕೆ ನಾಟಿಕೊಂಡ್ತು, ಹುಡುಗ ಅದರ ಮೇಲಿಂದ ಹಾರಿ ಸೊಂಟದವರೆಗೂ ತಲೆಕೆಳಗಾಗಿ ಹಿಮದಲ್ಲಿ ಹೂತುಹೋದ. ನೋಡ್ತಿದ್ದವರು ಕತ್ತು ಮುರೀತು ಅಂತ ಒಂದು ಕ್ಷಣ ಸುಮ್ಮನಾದ್ರು. ಕಾಲು ಅಲ್ಲಾಡಿದ ಮೇಲೆ ನಕ್ಕಿದ್ದೇ ನಕ್ಕಿದ್ದು. ಮುಂದೆ ಅಲ್ಲೇ ಒಂದು ಬಹುಮಾನ ಗೆದ್ದ, ಆದ್ರೆ ಮನೆಗೆ ತರಲಿಲ್ಲ. ಟೆಲಿಮಾರ್ಕ್ ಕಡೆಯ ರೈತರ ಮಕ್ಕಳು ಕೋಲಿನ ಆಸರೆ ಇಲ್ಲದೆ ಇಳಿಯೋದನ್ನ ನೋಡಿದ ಮೇಲೆ ತನ್ನ ಸ್ಕೀಯಿಂಗ್ ಏನೂ ಅಲ್ಲ ಅನಿಸಿತ್ತು. ಅವರ ಹಾಗೆ ಬರೋವರೆಗೂ ಬಹುಮಾನ ಬೇಡ ಅಂದುಕೊಂಡ. ಇಂಟರ್ನಲ್ಸ್‌ನಲ್ಲಿ ಒಂದು ಮಾರ್ಕ್ಸಿಗೆ ಜಗಳ ಮಾಡೋ ನಮಗೆ ಇದು ಸ್ವಲ್ಪ ಓವರ್ ಅನಿಸಬಹುದು.

ಅಮ್ಮ 1877ರಲ್ಲಿ ತೀರಿಕೊಂಡಳು. ಫ್ರಿಟ್ಯೋಫನಿಗೆ ಆಗ ಹದಿನೈದು. ತೋಟದ ಮನೆ ಮಾರಿ ಅಪ್ಪ ಮಕ್ಕಳನ್ನ ಕರ್ಕೊಂಡು ಊರೊಳಗೆ ಬಂದ. ಹುಡುಗ ಕಾಲೇಜಿಗೆ ಪ್ರಾಣಿಶಾಸ್ತ್ರ ತಗೊಂಡ. ಅದಕ್ಕೆ ಕಾರಣ ವಿಜ್ಞಾನದ ಮೇಲಿನ ಪ್ರೀತಿಗಿಂತ, ಹೊರಗೆ ಬಯಲಲ್ಲಿ ತಿರುಗಾಡಬಹುದು ಅನ್ನೋ ಆಸೆ. 1882ರಲ್ಲಿ ಸೀಲ್ ಬೇಟೆಯ ಹಡಗು ಹತ್ತಿ ಆರ್ಕ್ಟಿಕ್ ಸಮುದ್ರಕ್ಕೆ ಹೋದ, ದೂರದಿಂದ ಗ್ರೀನ್‌ಲ್ಯಾಂಡ್ ನೋಡಿದ. ಆಮೇಲೆ ಬರ್ಗೆನ್ ಮ್ಯೂಸಿಯಮ್ಮಿನಲ್ಲಿ ಕೆಲಸ, ಮೈಕ್ರೋಸ್ಕೋಪಿನ ಮುಂದೆ ವರ್ಷಗಳು. ನರಮಂಡಲದ ಮೇಲೆ ಒಳ್ಳೇ ಕೆಲಸ ಮಾಡಿದ, ಡಾಕ್ಟರೇಟ್ ಕೂಡ ಆಯ್ತು. ಥೀಸಿಸ್ ಡಿಫೆಂಡ್ ಮಾಡಿದ ಕೆಲವೇ ದಿನಕ್ಕೆ ಗ್ರೀನ್‌ಲ್ಯಾಂಡಿಗೆ ಹೊರಟುಬಿಟ್ಟ.

ಗ್ರೀನ್‌ಲ್ಯಾಂಡಿನ ಒಳಗಿನ ಹಿಮಪ್ರದೇಶವನ್ನ ಅಲ್ಲಿಯವರೆಗೆ ಯಾರೂ ಒಂದು ತೀರದಿಂದ ಇನ್ನೊಂದು ತೀರಕ್ಕೆ ದಾಟಿರಲಿಲ್ಲ. ನಾನ್ಸೆನ್ ಪ್ಲಾನು ಸರಳ: ಜನ ಇಲ್ಲದ ಪೂರ್ವ ತೀರದಲ್ಲಿ ಇಳಿಯೋದು, ಜನ ಇರೋ ಪಶ್ಚಿಮಕ್ಕೆ ಸ್ಕೀ ಮೇಲೆ ಹೋಗೋದು. ವಾಪಸ್ ಹೋದ್ರೆ ಅಲ್ಲಿ ಏನೂ ಇಲ್ಲ, ಹಾಗಾಗಿ ಮುಂದೆ ಹೋಗಲೇಬೇಕು. ನಾರ್ವೆ ಸರ್ಕಾರ ದುಡ್ಡು ಕೊಡಲ್ಲ ಅಂತು. ಒಬ್ಬನ ಮೋಜಿನ ಪ್ರವಾಸಕ್ಕೆ ಜನರ ದುಡ್ಡು ಯಾಕೆ ಅನ್ನೋ ಮಾತು ಬಂತು. ಕೊನೆಗೆ ಕೋಪನ್‌ಹೇಗನ್ನಿನ ಆಗಸ್ಟಿನ್ ಗಾಮೆಲ್ ಅನ್ನೋ ವ್ಯಾಪಾರಿ 5000 ಕ್ರೋನರ್ ಕೊಟ್ಟ.

ಇಷ್ಟು ಕಡಿಮೆ ದುಡ್ಡಿನಲ್ಲಿ ಆರು ಜನರಿಗೆ ಬಟ್ಟೆ, ಊಟ, ಸ್ಲೆಡ್ಜು ಎಲ್ಲಾ ಆಗಬೇಕು. ಈ ಭಾಗ ನಮಗೆ ಒಂದು ಡಿಸೈನ್ ಪ್ರಾಜೆಕ್ಟ್ ಓದಿದ ಹಾಗೆ ಇತ್ತು. ಆ ಕಾಲದಲ್ಲಿ ಧ್ರುವ ಪ್ರದೇಶಕ್ಕೆ ಅಂದ್ರೆ ತುಪ್ಪಳದ ಕೋಟು, ಎಷ್ಟು ದಪ್ಪ ಅಷ್ಟು ಒಳ್ಳೇದು ಅನ್ನೋ ಯೋಚನೆ. ನಾನ್ಸೆನ್ ಸ್ಕೀ ಮಾಡಿ ಬೆಳೆದವನು, ಅವನಿಗೆ ಗೊತ್ತಿತ್ತು, ಸ್ಕೀ ಮಾಡೋವಾಗ ಚಳಿಗಿಂತ ದೊಡ್ಡ ಶತ್ರು ಬೆವರು. ಮೈಗೆ ಅಂಟಿ ತೆಳ್ಳಗಿನ ಉಣ್ಣೆ ಶರ್ಟು, ಅದರ ಮೇಲೆ ದಪ್ಪ ಐಸ್‌ಲ್ಯಾಂಡ್ ಸ್ವೆಟರು, ಅದರ ಮೇಲೆ ನಾರ್ವೆಯ ಹಳ್ಳಿಗಳಲ್ಲಿ ಮನೆಯಲ್ಲೇ ನೇಯೋ ಒರಟು ಉಣ್ಣೆಯ ಗಿಡ್ಡ ಕೋಟು ಮತ್ತು ಮೊಣಕಾಲವರೆಗಿನ ಚಲ್ಲಣ. ಗಾಳಿ ಎದ್ದಾಗ ಮಾತ್ರ ಎಲ್ಲದರ ಮೇಲೆ ತೆಳ್ಳಗಿನ ಕ್ಯಾನ್ವಾಸ್ ಬಟ್ಟೆಯ ಇನ್ನೊಂದು ಸೂಟು, ತಲೆಗೆ ಟೋಪಿ ಸಮೇತ. ಹತ್ತಿ ಬಟ್ಟೆ ಬೇಡವೇ ಬೇಡ ಅಂದ, ಯಾಕಂದ್ರೆ ಹತ್ತಿ ಬೆವರು ಕುಡಿದು ಮೈಗೆ ಅಂಟುತ್ತೆ, ಉಣ್ಣೆ ಒದ್ದೆಯಾದರೂ ಒಂದಷ್ಟು ಬೆಚ್ಚಗೆ ಇಡುತ್ತೆ.

ಇವತ್ತು ಯಾವುದೇ ಅಂಗಡಿಗೆ ಹೋಗಿ ಮಗುವಿಗೆ ಸ್ಕೀ ಬಟ್ಟೆ ಕೇಳಿ, ಹೇಳೋದು ಇದನ್ನೇ. ಒಳಗೆ ಬೆವರು ಹೊರಗೆ ಬಿಡೋದು, ನಡುವೆ ಬಿಸಿ ಹಿಡಿಯೋದು, ಹೊರಗೆ ಗಾಳಿ ನೀರು ತಡೆಯೋದು. ಮೂರು ಲೇಯರ್. ಕ್ಯಾನ್ವಾಸ್ ಜಾಗಕ್ಕೆ ನೈಲಾನು, ಪಾಲಿಯೆಸ್ಟರು ಬಂದಿದೆ ಅಷ್ಟೇ. ಜಾಕೆಟ್ಟಿನ ಒಳಗಿನ ಚೀಟಿಯಲ್ಲಿ 10,000 ಮಿ.ಮೀ. ಅಂತ ಬರೆದಿರುತ್ತಲ್ಲ, ಅದರ ಅರ್ಥ ಆ ಬಟ್ಟೆ ಮೇಲೆ ಹತ್ತು ಮೀಟರ್ ಎತ್ತರದ ನೀರಿನ ಕಂಬದ ಒತ್ತಡ ಬಿದ್ರೂ ಸೋರಲ್ಲ ಅಂತ. ಫ್ಲೂಯಿಡ್ ಮೆಕ್ಯಾನಿಕ್ಸ್ ಓದಿದವರು ρgh ಹಾಕಿ ನೋಡಿ, ಹೆಚ್ಚುಕಡಿಮೆ ಒಂದು ಅಟ್ಮಾಸ್ಫಿಯರ್! ನಾಲ್ಕು ವರ್ಷದ ಮಗು ಹಿಮದಲ್ಲಿ ಕೂತು ಏಳೋಕೆ ಇಷ್ಟು ಸಾಕೋ ಸಾಕು. ಇನ್ನೂ ದೊಡ್ಡ ನಂಬರಿಗೆ ದುಡ್ಡು ಸುರಿಯೋ ಬದಲು ಹೊರಗಿನ ಜಾಕೆಟ್ಟನ್ನ ಒಂದು ಸೈಜ್ ದೊಡ್ಡದು, ಹಳೇದು, ಬೇರೆ ಮಗು ಹಾಕಿ ಬಿಟ್ಟಿದ್ದು ತಗೊಂಡು, ಉಳಿದ ದುಡ್ಡಲ್ಲಿ ಒಳಗಿನ ಉಣ್ಣೆ ಬನಿಯನ್ನು ಒಳ್ಳೇದು ಕೊಳ್ಳೋದು ಜಾಣತನ. ಎಲ್ಲಕ್ಕಿಂತ ದೊಡ್ಡ ತಪ್ಪು ಅಂದ್ರೆ ಮೇಲೆ ದುಬಾರಿ ಜಾಕೆಟ್ ಹಾಕಿ ಒಳಗೆ ಹತ್ತಿ ಬನಿಯನ್ ಹಾಕೋದು. ಮಗು ಓಡುತ್ತೆ, ಬೆವರುತ್ತೆ, ಆಮೇಲೆ ಒಂದು ಕಡೆ ಕೂರುತ್ತೆ. ಆ ಕೂರೋ ಹೊತ್ತಲ್ಲೇ ಚಳಿ ಹಿಡಿಯೋದು.

ಆರು ಜನರಲ್ಲಿ ಇಬ್ಬರು, ಬಾಲ್ಟೊ ಮತ್ತು ರಾವ್ನಾ, ಉತ್ತರದ ಸಾಮಿ ಜನಾಂಗದವರು. ಹಿಮಸಾರಂಗ ಸಾಕಿ ಬದುಕೋ ಸಮುದಾಯ. ಅವರಿಬ್ಬರು ತಮ್ಮ ಪದ್ಧತಿಯ ಚರ್ಮದ ನಿಲುವಂಗಿ ತಂದಿದ್ರು, ಬೂಟಿನೊಳಗೆ ಸಾಕ್ಸ್ ಬದಲು ಒಣಗಿಸಿದ ಹುಲ್ಲು ತುಂಬಿಕೊಳ್ತಿದ್ರು. ಹುಲ್ಲು ಬೆವರು ಹೀರುತ್ತೆ, ರಾತ್ರಿ ತೆಗೆದು ಒಣಗಿಸಿ ಮತ್ತೆ ತುಂಬಬಹುದು, ಖರ್ಚು ಸೊನ್ನೆ. ನಾನ್ಸೆನ್ ಇದನ್ನ ಅವರಿಂದ ಕಲಿತ. ಕಲಿಯೋಕೆ ಅವನಿಗೆ ಯಾರ ಮುಂದೂ ಸಂಕೋಚ ಇರಲಿಲ್ಲ, ಇದು ಅವನ ಒಳ್ಳೇ ಗುಣ.

ಆಗಸ್ಟ್ 1888ರಲ್ಲಿ ಹಿಮದ ಗೋಡೆ ಹತ್ತಲು ಶುರು ಮಾಡಿ, 2700 ಮೀಟರ್ ಎತ್ತರ ದಾಟಿ, ರಾತ್ರಿ ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲಿ ಮೂರು ಮೂರು ಜನ ಒಂದೊಂದು ಹಿಮಸಾರಂಗದ ಚರ್ಮದ ಚೀಲದಲ್ಲಿ ಮಲಗಿ, ಅಕ್ಟೋಬರ್ 3ಕ್ಕೆ ನಾನ್ಸೆನ್ ಗಾಟ್‌ಹೋಬ್ ತಲುಪಿದ. ವರ್ಷದ ಕೊನೇ ಹಡಗು ತಪ್ಪಿಹೋಗಿತ್ತು. ಚಳಿಗಾಲ ಪೂರ್ತಿ ಅಲ್ಲಿನ ಇನ್ಯೂಟ್ ಜನರ ಜೊತೆ ಇದ್ದು ಕಯಾಕ್ ನಡೆಸೋದು, ಅವರ ಬಟ್ಟೆ, ಊಟ ಎಲ್ಲಾ ಕಲಿತ. ವಾಪಸ್ ಬಂದು ಬರೆದ ಪುಸ್ತಕದಲ್ಲಿ ಸ್ಕೀಗೇ ಒಂದು ಅಧ್ಯಾಯ ಇಟ್ಟ. ಅದರ ಜರ್ಮನ್ ಅನುವಾದ 1891ರಲ್ಲಿ ಬಂದ ಮೇಲೆ ಮಧ್ಯ ಯುರೋಪಿನ ಬೆಟ್ಟಗಳಲ್ಲಿ ಜನ ಸ್ಕೀ ಹುಚ್ಚು ಹಿಡಿಸಿಕೊಂಡ್ರು. ಇವತ್ತು ಆಲ್ಪ್ಸ್‌ನಲ್ಲಿ ಮಕ್ಕಳಿಗೆ ಸ್ಕೀ ಬಟ್ಟೆ ಮಾರೋ ಅಂಗಡಿಗಳಿವೆ ಅಂದ್ರೆ ಅದರಲ್ಲಿ ಈ ಒಂದು ಪುಸ್ತಕದ ಪಾಲೂ ಇದೆ.

1889ರಲ್ಲಿ ಇವಾ ಸಾರ್ಸ್ ಅನ್ನೋ ಹಾಡುಗಾರ್ತಿಯ ಜೊತೆ ಮದುವೆ. ಮೊದಲ ಭೇಟಿಯೂ ಹಿಮದಲ್ಲೇ, ಎರಡು ಕಾಲು ಹಿಮದಿಂದ ಹೊರಗೆ ಚಾಚಿಕೊಂಡಿದ್ದನ್ನ ನೋಡಿ ಯಾರಪ್ಪಾ ಇದು ಅಂತ ಹೋದನಂತೆ. ಇವಾ ಕೂಡ ಸ್ಕೀ ಪಟು. ನೆಲ ಗುಡಿಸೋ ಉದ್ದ ಲಂಗದ ಕಾಲದಲ್ಲಿ ಗಿಡ್ಡ ಲಂಗ, ಕೆಳಗೆ ಚಲ್ಲಣ ಹಾಕಿ ಗುಡ್ಡ ಹತ್ತಿದವಳು.

ಇನ್ನು ಫ್ರಾಮ್. ಇದರ ಬಗ್ಗೆ ಬರೆದ್ರೆ ಮೆಕ್ಯಾನಿಕಲ್‌ನವರಿಗೆ ಇನ್ನೊಂದು ಲೇಖನ ಆಗುತ್ತೆ, ಬೇಗ ಹೇಳಿಬಿಡ್ತೀವಿ. ಹಿಮಗಡ್ಡೆ ಒತ್ತಿದ್ರೆ ಹಡಗು ಪುಡಿಯಾಗೋ ಬದಲು ಮೇಲಕ್ಕೆ ಜಾರಿ ಎದ್ದು ಕೂರೋ ಹಾಗೆ ದುಂಡಗಿನ ತಳ ಇಟ್ಟು ಕಾಲಿನ್ ಆರ್ಚರ್ ಕಟ್ಟಿದ ಹಡಗು ಅದು. ಬೇಕಂತಲೇ ಅದನ್ನ ಹಿಮದಲ್ಲಿ ಸಿಕ್ಕಿಸಿ, ಹಿಮದ ಹರಿವಿನ ಜೊತೆ ತೇಲ್ತಾ ಉತ್ತರ ಧ್ರುವದ ಹತ್ರ ಹೋಗೋದು ಪ್ಲಾನು. 1893ರ ಜೂನ್ 24ಕ್ಕೆ ಹೊರಟಾಗ ಮಗಳು ಲಿವ್ ಹುಟ್ಟಿ ಐದಾರು ತಿಂಗಳು. ಮೂರು ವರ್ಷ ಅಪ್ಪ ಬರಲಿಲ್ಲ. ಇದನ್ನ ನಾವು ದೊಡ್ಡ ತ್ಯಾಗ ಅಂತ ಬರೆಯೋಕೆ ಮನಸ್ಸು ಒಪ್ಪಲ್ಲ, ತ್ಯಾಗ ಮಾಡಿದ್ದು ಇವಾ.

ಹಡಗು ಧ್ರುವದ ಮೇಲೆ ಹಾದುಹೋಗಲ್ಲ ಅಂತ ಗೊತ್ತಾದ ಮೇಲೆ 1895ರ ಮಾರ್ಚ್ 14ಕ್ಕೆ ನಾನ್ಸೆನ್ ಮತ್ತು ಯಾಲ್ಮಾರ್ ಯೋಹಾನ್ಸೆನ್ ಇಬ್ಬರೇ ಸ್ಕೀ, ನಾಯಿ, ಸ್ಲೆಡ್ಜ್ ತಗೊಂಡು ನಡೆದೇ ಹೊರಟ್ರು. ಬಟ್ಟೆಯ ವಿಷಯ ಇಲ್ಲಿ ಕೈ ಕೊಟ್ಟಿತು. ತೋಳದ ಚರ್ಮದ ಸೂಟು ಹೊಲಿಸಿಟ್ಟಿದ್ರು. ಹೊರಡೋಕೆ ಮುಂಚೆ ಹಾಕಿ ನೋಡಿದ್ರೆ ವಿಪರೀತ ಸೆಕೆ, ಭಾರ ಬೇರೆ. ಗ್ರೀನ್‌ಲ್ಯಾಂಡಿನಲ್ಲಿ ಉಣ್ಣೆ ಸಾಕಾಗಿತ್ತಲ್ಲ, ಇಲ್ಲೂ ಅದೇ ಸಾಕು ಅಂತ ಚರ್ಮದ ಸೂಟನ್ನ ಹಡಗಿನಲ್ಲೇ ಬಿಟ್ಟ.

ಆದ್ರೆ ಮಾರ್ಚ್ ತಿಂಗಳ ಆರ್ಕ್ಟಿಕ್ ಸಮುದ್ರ ಬೇರೆ. ಹಗಲು ರಾತ್ರಿ ಅನ್ನದೆ ಸೊನ್ನೆಗಿಂತ 40 ಡಿಗ್ರಿ ಕೆಳಗೆ. ಗುಡ್ಡದಂಥ ಹಿಮದ ದಿಬ್ಬಗಳ ಮೇಲೆ ಸ್ಲೆಡ್ಜ್ ಎಳೆದಾಗ ಮೈಯಿಂದ ಹೊರಟ ಬೆವರಿನ ಆವಿ ಉಣ್ಣೆಯ ಪದರ ದಾಟಿ ಹೊರಗೆ ಹೋಗಬೇಕು. ಹೊರಗಿನ ಪದರ ಅಷ್ಟು ತಣ್ಣಗಿದ್ರೆ ಆವಿ ಅಲ್ಲೇ ನೀರಾಗುತ್ತೆ, ಅಲ್ಲೇ ಹೆಪ್ಪುಗಟ್ಟುತ್ತೆ. ಒಣಗಿಸೋಕೆ ಬಿಸಿಲೂ ಇಲ್ಲ ಬೆಂಕಿಯೂ ಇಲ್ಲ. ದಿನಾ ಸ್ವಲ್ಪ ಸ್ವಲ್ಪ ಮಂಜು ಸೇರ್ತಾ ಹೋಗಿ ಬಟ್ಟೆ ಹಿಮದ ಕವಚದ ಹಾಗಾಯ್ತು. ನಡೆದ್ರೆ ಕಟಕಟ ಸದ್ದು. ಕೋಟಿನ ತೋಳಿನ ಅಂಚು ಗಾಜಿನ ಹಾಗೆ ಗಟ್ಟಿಯಾಗಿ ನಾನ್ಸೆನ್ ಮಣಿಕಟ್ಟನ್ನ ಕೊರೆದು ಹುಣ್ಣು ಮಾಡಿತು, ಆ ಗಾಯದ ಕಲೆ ಕೊನೆವರೆಗೂ ಉಳೀತು. ರಾತ್ರಿ ಇಬ್ಬರೂ ಅದೇ ಬಟ್ಟೆಯಲ್ಲೇ ಒಂದೇ ಚೀಲದೊಳಗೆ ತೂರಿಕೊಂಡ್ರೆ ಮೈಬಿಸಿಗೆ ಹಿಮ ಕರಗಿ ಒದ್ದೆ ಬಟ್ಟೆಯಾಗೋಕೆ ಒಂದು ಗಂಟೆಗೂ ಮೇಲೆ ಬೇಕು, ಅಲ್ಲಿಯವರೆಗೂ ಹಲ್ಲು ಕಟಕಟ. ಬೆಳಗ್ಗೆ ಹೊರಗೆ ಬಂದ ಕೂಡಲೇ ಮತ್ತೆ ಕವಚ. ತೋಳದ ಚರ್ಮ ಬಿಟ್ಟು ಬಂದಿದ್ದಕ್ಕೆ ಅವನು ಬಹಳ ಪಶ್ಚಾತ್ತಾಪ ಪಟ್ಟ. ಒಂದು ಕಡೆ ಕೆಲಸ ಮಾಡಿದ ಡಿಸೈನನ್ನ ಬೇರೆ ಕಂಡೀಷನ್ನಿಗೆ ಹಾಗೇ ಎತ್ತಿ ಹಾಕಿದ್ರೆ ಏನಾಗುತ್ತೆ ಅಂತ ಲ್ಯಾಬಿನಲ್ಲಿ ಸಾರ್ ಹೇಳೋದನ್ನ ನಾವು ಕೇಳಿಸಿಕೊಳ್ಳಲ್ಲ, ಇದನ್ನ ಓದಿದ ಮೇಲೆ ಸರಿಯಾಗಿ ಹೊಳೀತು.

ಏಪ್ರಿಲ್ ಎರಡನೇ ವಾರದ ಹೊತ್ತಿಗೆ 86 ಡಿಗ್ರಿ 14 ಮಿನಿಟ್ ಉತ್ತರ ಅಕ್ಷಾಂಶ ಮುಟ್ಟಿದ್ರು. ಅಲ್ಲಿಯವರೆಗೆ ಯಾವ ಮನುಷ್ಯನೂ ಅಷ್ಟು ಉತ್ತರಕ್ಕೆ ಹೋಗಿರಲಿಲ್ಲ. ಮುಂದೆ ಸಾಧ್ಯವಿಲ್ಲ ಅಂತ ತಿರುಗಿದ್ರು. ಫ್ರಾಂಜ್ ಜೋಸೆಫ್ ಲ್ಯಾಂಡ್ ಅನ್ನೋ ದ್ವೀಪಗಳ ಗುಂಪು ಸಿಗೋ ಹೊತ್ತಿಗೆ ಆಗಸ್ಟ್. ಅಲ್ಲೇ ಕಲ್ಲು ಪೇರಿಸಿ, ಮೇಲೆ ವಾಲ್ರಸ್ ಚರ್ಮ ಹೊದಿಸಿ ಒಂದು ಗೂಡು ಕಟ್ಟಿಕೊಂಡು, ಹಿಮಕರಡಿ ಮಾಂಸ ತಿಂದು, ಎಂಟೊಂಬತ್ತು ತಿಂಗಳು ಕಳೆದ್ರು.

ಊಟಕ್ಕೆ ಕೊರತೆ ಇರಲಿಲ್ಲ, ಬಟ್ಟೆಯೇ ನರಕ. ದೀಪಕ್ಕೂ ಅಡುಗೆಗೂ ಕೊಬ್ಬೇ ಆದ್ದರಿಂದ ಬಟ್ಟೆ ಎಲ್ಲಾ ಎಣ್ಣೆ ಮಸಿ ಕುಡಿದು ಮೈಗೆ ಅಂಟಿಕೊಂಡಿತ್ತು. ಬಿಚ್ಚಿದ್ರೆ ಚರ್ಮ ಕಿತ್ತು ಬರೋ ಹಾಗೆ. ಶರ್ಟು ಕುದಿಸಿ ಚಾಕುವಿನಿಂದ ಹೆರೆದು ತೆಗೀತಿದ್ರು, ಹೆರೆದ ಕೊಬ್ಬು ಮತ್ತೆ ಉರಿಸೋಕೆ ಬರ್ತಿತ್ತು. ಸೋಪು ಅನ್ನೋದು ಎಷ್ಟು ದೊಡ್ಡ ಆವಿಷ್ಕಾರ ಅಂತ ಆಗ ತಿಳೀತಂತೆ. ಆ ಕತ್ತಲೆಯ ತಿಂಗಳುಗಳಲ್ಲಿ ನಾನ್ಸೆನ್ ಕಂಡ ಹಗಲುಗನಸು ಏನು ಗೊತ್ತಾ? ಒಂದು ದೊಡ್ಡ, ಬೆಳಕಿನ, ಚೊಕ್ಕಟವಾದ ಬಟ್ಟೆ ಅಂಗಡಿ. ಗೋಡೆ ತುಂಬಾ ಹೊಸ ಮೆತ್ತನೆಯ ಉಣ್ಣೆ ಬಟ್ಟೆ ನೇತು ಹಾಕಿರ್ತಾರೆ, ಶರ್ಟು, ಚಡ್ಡಿ, ಸ್ವೆಟರು, ಕಾಲುಚೀಲ, ಬೇಕಾದ್ದನ್ನ ಆರಿಸಿಕೊಳ್ಳಬಹುದು. ಧ್ರುವ ಗೆಲ್ಲೋಕೆ ಹೊರಟವನ ಕನಸು ಕೊನೆಗೆ ಒಂದು ಬಟ್ಟೆ ಅಂಗಡಿಗೆ ಬಂದು ನಿಂತಿತ್ತು.

ಎರಡೂವರೆ ವರ್ಷ ಜೊತೆಗಿದ್ರೂ ಇಬ್ಬರೂ ಒಬ್ಬರನ್ನೊಬ್ಬರು ನೀವು ಅಂತಲೇ ಕರೀತಿದ್ರಂತೆ, ಹೊಸ ವರ್ಷದ ಹಿಂದಿನ ರಾತ್ರಿ ನಾನ್ಸೆನ್ ಇನ್ನು ನೀನು ಅನ್ನೋಣ ಅಂದನಂತೆ. ಇಂಗ್ಲಿಷಿನಲ್ಲಿ ಓದಿದ್ರೆ ಈ ಕಥೆಯ ರುಚಿ ಹತ್ತಲ್ಲ, ಕನ್ನಡದಲ್ಲಿ ತಕ್ಷಣ ಹತ್ತುತ್ತೆ.

ವಸಂತ ಬಂದಾಗ ಹೊರಡಬೇಕು, ಆದ್ರೆ ಹಾಕಿಕೊಳ್ಳೋಕೆ ಬಟ್ಟೆ ಇಲ್ಲ. ಇದ್ದ ಎರಡು ಕಂಬಳಿ ಕತ್ತರಿಸಿ ಕೋಟು ಪ್ಯಾಂಟು ಹೊಲಿದ್ರು. ದಾರ ಮುಗಿದಿತ್ತು. ಹುರಿಯ ಒಂದು ತುಂಡನ್ನ ಬಿಡಿಸಿ ಬಿಡಿಸಿ ಹನ್ನೆರಡು ಎಳೆ ಮಾಡಿ ಅದರಲ್ಲಿ ಹೊಲಿದ್ರು. ಸ್ಟೋರೆ ಫ್ರೋಯೆನ್‌ನಲ್ಲಿ ಅಮ್ಮ ಸೂಜಿ ಹಿಡಿದು ಕೂತಿದ್ದನ್ನ ನೋಡಿ ಬೆಳೆದ ಹುಡುಗನ ಕೈ ಇದು ಅಂತ ನಮಗೆ ಅನಿಸದೇ ಇರಲಿಲ್ಲ. ಮೇ 19ಕ್ಕೆ ಆ ಸೂಟು ಹಾಕ್ಕೊಂಡೇ ಹೊರಟ್ರು, ಜೂನ್ 17ಕ್ಕೆ ಫ್ರೆಡರಿಕ್ ಜಾಕ್ಸನ್ ಅನ್ನೋ ಬ್ರಿಟಿಷ್ ಅನ್ವೇಷಕ ಆಕಸ್ಮಿಕವಾಗಿ ಎದುರಾದ. ಬಿಸಿನೀರು, ಸೋಪು, ಒಗೆದ ಬಟ್ಟೆ ಸಿಕ್ತು. ತೂಕ ನೋಡಿದ್ರೆ ನಾನ್ಸೆನ್ ಹಡಗು ಬಿಟ್ಟಾಗಿನಕ್ಕಿಂತ ಹತ್ತು ಕಿಲೋ ಜಾಸ್ತಿಯಾಗಿದ್ದ! ಆಗಸ್ಟ್ 1896ರಲ್ಲಿ ಇಬ್ಬರೂ ನಾರ್ವೆ ತಲುಪಿದ್ರು, ಒಂದೇ ವಾರದಲ್ಲಿ ಫ್ರಾಮ್ ಕೂಡ ಎಲ್ಲರ ಸಮೇತ ಸುರಕ್ಷಿತವಾಗಿ ಬಂತು. ಯೋಹಾನ್ಸೆನ್‌ನ ಮುಂದಿನ ಬದುಕು ಚೆನ್ನಾಗಿರಲಿಲ್ಲ, 1913ರಲ್ಲಿ ತೀರಿಹೋದ. ಅವನ ಹೆಸರಿಗೆ ಸಿಗಬೇಕಾದಷ್ಟು ಸಿಗಲಿಲ್ಲ ಅನ್ನೋದು ನಮ್ಮ ಅಭಿಪ್ರಾಯ.

ಆಮೇಲಿನ ಹತ್ತು ಹದಿನೈದು ವರ್ಷ ಬೇಗ ಹೇಳಬಹುದು. ಸಮುದ್ರ ವಿಜ್ಞಾನದಲ್ಲಿ ಕೆಲಸ, ಆಳದ ನೀರು ತೆಗೆಯೋ ನಾನ್ಸೆನ್ ಬಾಟಲಿ, 1905ರಲ್ಲಿ ನಾರ್ವೆ ಸ್ವೀಡನ್ನಿನಿಂದ ಬೇರೆಯಾದಾಗ ರಾಜಕೀಯ, ಲಂಡನ್ನಿನಲ್ಲಿ ರಾಯಭಾರಿ ಕೆಲಸ. ಅವನು ಅಲ್ಲಿದ್ದಾಗಲೇ 1907ರ ಡಿಸೆಂಬರಿನಲ್ಲಿ ಇವಾ ನ್ಯುಮೋನಿಯಾದಿಂದ ತೀರಿಕೊಂಡಳು. 1913ರಲ್ಲಿ ಕಿರಿಯ ಮಗ ಆಸ್ಮುಂಡ್, ಚಿಕ್ಕ ವಯಸ್ಸಿನಲ್ಲೇ ಹೋದ.

ಮೊದಲ ಮಹಾಯುದ್ಧ ಮುಗಿದಾಗ ಲಕ್ಷಾಂತರ ಯುದ್ಧಕೈದಿಗಳು ರಷ್ಯಾ, ಜರ್ಮನಿ, ಮಧ್ಯ ಯುರೋಪಿನ ಶಿಬಿರಗಳಲ್ಲಿ ಸಿಕ್ಕಿಬಿದ್ದಿದ್ರು. ಸೈಬೀರಿಯಾದ ಚಳಿಗಾಲ, ಮೈಮೇಲೆ ಹರಕಲು. 1920ರಲ್ಲಿ ಲೀಗ್ ಆಫ್ ನೇಷನ್ಸ್ ಈ ಕೆಲಸ ನಾನ್ಸೆನ್‌ಗೆ ಒಪ್ಪಿಸಿತು. ಎರಡು ವರ್ಷದಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಜನರನ್ನ ಮನೆ ಸೇರಿಸಿದ. ಅದರ ನಡುವೆಯೇ ದೇಶವಿಲ್ಲದ ನಿರಾಶ್ರಿತರಿಗೆ ಗುರುತಿನ ಕಾಗದ ಕೊಡೋ ಕೆಲಸ ಬಂತು, ಅದೇ ನಾನ್ಸೆನ್ ಪಾಸ್‌ಪೋರ್ಟ್. ಸಂಗೀತಗಾರ ಸ್ಟ್ರಾವಿನ್ಸ್ಕಿ, ಚಿತ್ರಕಾರ ಶಗಾಲ್ ಇದನ್ನ ಇಟ್ಟುಕೊಂಡು ಗಡಿ ದಾಟಿದವರು.

1921ರಲ್ಲಿ ರಷ್ಯಾದ ವೋಲ್ಗಾ ನದಿಯ ಕಡೆ ಭೀಕರ ಬರ. ಸೆಪ್ಟೆಂಬರಿನಲ್ಲಿ ನಾನ್ಸೆನ್ ಜಿನೀವಾದಲ್ಲಿ ನಿಂತು ಸರ್ಕಾರಗಳನ್ನ ಸಾಲ ಕೇಳಿದ. ಧಾನ್ಯ ಇದೆ, ಹಡಗು ಇದೆ, ಚಳಿಗಾಲಕ್ಕೆ ಮುಂಚೆ ತಲುಪಿಸಬಹುದು ಅಂತ ಲೆಕ್ಕ ಕೊಟ್ಟ. ಕಮ್ಯುನಿಸ್ಟ್ ಸರ್ಕಾರಕ್ಕೆ ಸಹಾಯ ಆಗುತ್ತೆ ಅಂತ ಕೊಡಲಿಲ್ಲ. ಗ್ರೀನ್‌ಲ್ಯಾಂಡಿಗೆ ದುಡ್ಡು ಸಿಗದಾಗ ವ್ಯಾಪಾರಿಯೊಬ್ಬ ಸಿಕ್ಕಿದ್ದ, ಇಲ್ಲಿ ಹಾಗೆ ಒಬ್ಬನಿಂದ ಆಗೋ ಕೆಲಸವೇ ಅಲ್ಲ. ಅರವತ್ತು ವರ್ಷದ ಮನುಷ್ಯ ಆ ಚಳಿಗಾಲದಲ್ಲಿ ತಾನೇ ವೋಲ್ಗಾ ಕಡೆ ಹೋದ, ಕ್ಯಾಮೆರಾ ತಗೊಂಡು. ಆ ಫೋಟೋಗಳನ್ನ ನೋಡಿದ್ವಿ. ಎಲುಬು ಕಾಣೋ ಮಕ್ಕಳು, ಕೆಲವರ ಮೈಮೇಲೆ ಒಂದು ನೂಲೂ ಇಲ್ಲ. ಎಷ್ಟು ಚಳಿ ಅಂದ್ರೆ ಏನು ಅಂತ ಅವನಿಗಿಂತ ಚೆನ್ನಾಗಿ ಗೊತ್ತಿದ್ದವರು ಕಡಿಮೆ. ಅವನಿಗೆ ಮೂರು ಪದರ ಉಣ್ಣೆ ಇತ್ತು, ಆದ್ರೂ ಮಣಿಕಟ್ಟಿನಲ್ಲಿ ಕಲೆ ಉಳಿದಿತ್ತು.

ಆ ಚಿತ್ರಗಳನ್ನ ಹಿಡ್ಕೊಂಡು ಊರೂರು ತಿರುಗಿ ಭಾಷಣ ಮಾಡಿದ, ಜನರಿಂದ ದುಡ್ಡೆತ್ತಿದ. ಅಮೆರಿಕದವರ ಪರಿಹಾರ ಕೆಲಸ ಇವನದಕ್ಕಿಂತ ಬಹಳ ದೊಡ್ಡದು, ಅದನ್ನ ಹೇಳಲೇಬೇಕು. ಎರಡೂ ಸೇರಿದ್ರೂ ಲಕ್ಷಾಂತರ ಜನ ಸತ್ತರು. 1922ರಲ್ಲಿ ನೊಬೆಲ್ ಬಂದಾಗ ಆ ದುಡ್ಡನ್ನೂ ಪರಿಹಾರ ಕೆಲಸಕ್ಕೇ ಕೊಟ್ಟ. ಆಮೇಲೆ ಗ್ರೀಸ್, ಟರ್ಕಿ, ಅರ್ಮೇನಿಯಾದ ನಿರಾಶ್ರಿತರು ಅಂತ ಕೊನೆವರೆಗೂ ಓಡಾಟವೇ. ಅರ್ಮೇನಿಯಾದವರಿಗೆ ಮಾಡಬೇಕಂದಿದ್ದು ಆಗಲಿಲ್ಲ, ಸರ್ಕಾರಗಳು ಮತ್ತೆ ದುಡ್ಡು ಕೊಡಲಿಲ್ಲ.

1930ರ ಮೇ 13ಕ್ಕೆ ಓಸ್ಲೋ ಪಕ್ಕದ ಲೀಸಾಕರ್‌ನ ತನ್ನ ಮನೆ ಪೋಲ್ಹೊಗ್ಡಾದಲ್ಲಿ ತೀರಿಕೊಂಡ. ಅಂತ್ಯಕ್ರಿಯೆ ಮೇ 17ಕ್ಕೆ. ಅದು ನಾರ್ವೆಯ ರಾಷ್ಟ್ರೀಯ ದಿನ, ಪ್ರತಿ ವರ್ಷ ಚಿಕ್ಕ ಮಕ್ಕಳು ಒಳ್ಳೇ ಬಟ್ಟೆ ಹಾಕ್ಕೊಂಡು ಬಾವುಟ ಹಿಡಿದು ಬೀದಿಯಲ್ಲಿ ಮೆರವಣಿಗೆ ಹೋಗೋ ದಿನ. ಅವನ ಚಿತಾಭಸ್ಮವನ್ನ ಆ ಮನೆಯ ತೋಟದ ಒಂದು ಮರದ ಕೆಳಗೆ ಇಟ್ಟಿದ್ದಾರೆ.